ಹರೆಯದ ಆಲ್ಬಂಗಳಿಗೆ ಐವತ್ತೇಳರಲ್ಲಿ ಮರಳಿ ಕಿವಿಗೊಡುವುದು

ಪ್ರಶ್ನೆ: ನಾನು ಕಲಬುರಗಿಯವನು, ವಯಸ್ಸು ಐವತ್ತೇಳು. 1980ರ ದಶಕದ ಕೊನೆಯಲ್ಲಿ ಎಂಜಿನಿಯರಿಂಗ್ ಓದುವಾಗ ಸೂಪರ್ ಮಾರ್ಕೆಟ್ಟಿನ ಅಂಗಡಿಯೊಂದಕ್ಕೆ ಖಾಲಿ ಕ್ಯಾಸೆಟ್ ಕೊಟ್ಟು ಪಿಂಕ್ ಫ್ಲಾಯ್ಡ್, ಡೈರ್ ಸ್ಟ್ರೇಟ್ಸ್, ಮೈಕೆಲ್ ಜಾಕ್ಸನ್, ಓಝಿ ಆಸ್ಬರ್ನ್ ಆಲ್ಬಂಗಳನ್ನು ತುಂಬಿಸಿಕೊಂಡು ಟೂ-ಇನ್-ಒನ್‌ನಲ್ಲಿ ಕೇಳುತ್ತಿದ್ದೆ. ಈಗ ಮಗ ಮೊಬೈಲಿನಲ್ಲಿ ಅವೇ ಆಲ್ಬಂಗಳನ್ನು ಹಚ್ಚಿದರೆ ಯಾವುದೂ ಮೊದಲಿನಂತೆ ಕೇಳಿಸುವುದಿಲ್ಲ. 'ಡಾರ್ಕ್ ಸೈಡ್'ನಲ್ಲಿ ಗಿಟಾರಿನ ಜಾಗದಲ್ಲಿ ವಯಸ್ಸಾದವರೊಬ್ಬರು ಮಾತಾಡುತ್ತಾರೆ. 2003ರಲ್ಲಿ ಹೈದರಾಬಾದಿನಲ್ಲಿ ಕೊಂಡ ಓಝಿಯ ಸಿ.ಡಿ.ಯಲ್ಲಿ ಡ್ರಮ್ ಬೇರೆಯೇ ಇದೆ ಎಂದರೆ ಗೆಳೆಯರು ನಂಬುವುದಿಲ್ಲ. ಮೆಟಾಲಿಕಾದ 2008ರ ಆಲ್ಬಂ ಎರಡು ಹಾಡಿಗೇ ತಲೆನೋವು ತರಿಸಿತು. ಆಗ ಮೂಗು ಮುರಿಯುತ್ತಿದ್ದ ಅಬ್ಬಾದ 'ದ ವಿಸಿಟರ್ಸ್' ಕೇಳಿ ಮಾತ್ರ ಕಣ್ಣು ತುಂಬಿ ಬಂತು. ಮಗಳು ಕಳೆದ ವರ್ಷ ಕೆಲಸಕ್ಕೆಂದು ಪುಣೆಗೆ ಹೋದಳು. ಬದಲಾದದ್ದು ಸಂಗೀತವೋ, ನನ್ನ ಕಿವಿಯೋ? ಅಟ್ಟದ ಮೇಲಿನ ಟ್ರಂಕಿನಲ್ಲಿರುವ ಕ್ಯಾಸೆಟ್ಟುಗಳನ್ನು ಏನು ಮಾಡಲಿ? ಕೆಲವದರಲ್ಲಿ ಅವ್ವ ಹಾಡಿದ ಪದಗಳೂ ಇವೆ. ಈ ವಯಸ್ಸಿನಲ್ಲಿ ಹೊಸದನ್ನು ಕೇಳಲು ಎಲ್ಲಿಂದ ಆರಂಭಿಸಬೇಕು?

ಉತ್ತರ: ನೀವು ಹೇಳಿರುವ ವ್ಯತ್ಯಾಸಗಳಲ್ಲಿ ಹೆಚ್ಚಿನವು ನಿಮ್ಮ ಕಲ್ಪನೆಯಲ್ಲ, ಧ್ವನಿಮುದ್ರಣದಲ್ಲಿಯೇ ಇರುವಂಥವು. ಹಳೆಯ ಆಲ್ಬಮ್ಮೊಂದನ್ನು ಮತ್ತೆ ಕೇಳಿ ಅದು ಸಪ್ಪೆಯಾಯಿತು ಅಥವಾ ನನ್ನ ಮನಸ್ಸು ಬತ್ತಿತು ಎಂದು ತೀರ್ಮಾನಿಸುವ ಮುಂಚೆ, ಈಗ ಕಿವಿಗೆ ಬೀಳುತ್ತಿರುವುದು ಅಂದು ಕೇಳಿದ ಅದೇ ಧ್ವನಿಮುದ್ರಣ ಹೌದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಅದಾದ ಮೇಲೆ ಉಳಿಯುವ ವ್ಯತ್ಯಾಸ ಮಾತ್ರ ನಿಮ್ಮದು, ಮತ್ತು ಬೆಲೆಬಾಳುವುದೂ ಅದೇ. ವಯಸ್ಸಾದಂತೆ ತೀರಾ ಎತ್ತರದ ಕಂಪನಗಳು ಕಿವಿಗೆ ಕೇಳಿಸದಾಗುವುದು ನಿಜ. ಐವತ್ತು ದಾಟಿದ ಅನೇಕರಿಗೆ 12,000 ಹರ್ಟ್ಸ್‌ನಿಂದ ಮೇಲಿನವು ಮಸುಕಾಗಿರುತ್ತವೆ. ಆದರೆ ಅಂಗಡಿಯಲ್ಲಿ ತುಂಬಿಸಿಕೊಂಡ ಸಾಧಾರಣ ಕ್ಯಾಸೆಟ್ಟು ಅಲ್ಲಿಯವರೆಗಿನ ಧ್ವನಿಯನ್ನೇ ಕಷ್ಟಪಟ್ಟು ಹೊರುತ್ತಿತ್ತಾದ್ದರಿಂದ, ಆಗ ಕೇಳಿದ್ದರಲ್ಲಿ ನೀವು ಕಳೆದುಕೊಂಡದ್ದು ಅತ್ಯಲ್ಪ.

ಮೊದಲು ಆ ವಯಸ್ಸಾದ ದನಿಯ ವಿಷಯ. ನಿಮ್ಮ ಮಗ ಹಚ್ಚಿದ್ದು ಪಿಂಕ್ ಫ್ಲಾಯ್ಡ್ ಬಳಗದ 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಗಿರಲಾರದು. ಅದೇ ಹೆಸರಿಗೆ 'ರೀಡಕ್ಸ್' ಎಂದು ಸೇರಿಸಿ ಆ ಬಳಗದಲ್ಲಿದ್ದ ರೋಜರ್ ವಾಟರ್ಸ್ 2023ರ ಅಕ್ಟೋಬರಿನಲ್ಲಿ ತಾವೊಬ್ಬರೇ ಹೊರತಂದ ಬೇರೆಯದೇ ಧ್ವನಿಮುದ್ರಣ ಅದು. ಮೂಲ ಆಲ್ಬಮ್ಮಿನ ಸಾಹಿತ್ಯವನ್ನೆಲ್ಲ ಬರೆದವರು ವಾಟರ್ಸ್. ಕಾಲ ಕೈಜಾರುವುದರ, ಹಣದ, ಬುದ್ಧಿ ಕದಡುವುದರ ಬಗೆಗಿನ ಆ ಸಾಲುಗಳು ಹೊರಬಂದಾಗ ಅವರಿಗೆ 29 ವರ್ಷ, ಅದೇ ಸಾಲುಗಳನ್ನು ಮತ್ತೆ ಲೋಕದ ಮುಂದಿಟ್ಟಾಗ 80. ಮೂಲದಲ್ಲಿ ಡೇವಿಡ್ ಗಿಲ್ಮರ್ ಅವರ ಗಿಟಾರು ಮೇಲೇಳುತ್ತಿದ್ದ ಕಡೆಗಳಲ್ಲಿ ಇಲ್ಲಿ ತಗ್ಗಿದ ದನಿಯ ಮಾತು ಬರುತ್ತದೆ. ಕ್ಲೇರ್ ಟೋರಿ ಒಂದೂ ಪದವಿಲ್ಲದೆ ಹಾಡಿದ ಆ ಆಲಾಪದ ಜಾಗದಲ್ಲಿಯೂ ಅವರು ಮಾತಾಡುತ್ತಾರೆ. ಹುಡುಕಿದಾಗ ಎರಡೂ ಒಂದರ ಪಕ್ಕ ಒಂದು ಬರುವುದರಿಂದ ಆಲ್ಬಮ್ಮಿನ ವರ್ಷವನ್ನೂ ಕಲಾವಿದರ ಹೆಸರನ್ನೂ ನೋಡಿಯೇ ಒತ್ತಬೇಕು. ಮೂಲ ಧ್ವನಿಮುದ್ರಣವನ್ನೇ ಮತ್ತೆ ಹದಗೊಳಿಸಿ ಜೇಮ್ಸ್ ಗುತ್ರಿ ಸಿದ್ಧಪಡಿಸಿದ 2011ರ ರೀಮಾಸ್ಟರ್ ಅನ್ನು ನೆಮ್ಮದಿಯಿಂದ ಕೇಳಬಹುದು.

ಹಾಗೆಂದು 'ರೀಡಕ್ಸ್' ಅನ್ನು ತಳ್ಳಿಹಾಕಬೇಡಿ. ನಿಮ್ಮ ಪ್ರಶ್ನೆಯನ್ನೇ ಆ ಆಲ್ಬಮ್ಮಿನ ಕರ್ತೃವೊಬ್ಬರು ತಮಗೆ ತಾವೇ ಕೇಳಿಕೊಂಡದ್ದರ ಫಲ ಅದು. ನನ್ನ ಅಭಿಪ್ರಾಯದಲ್ಲಿ ಅದು ಮೂಲಕ್ಕೆ ಸಮನಲ್ಲ. ಮೂಲದಲ್ಲಿ ಪದಗಳು ಹೆದರಿಕೆಯನ್ನು ಮುಂದಿಟ್ಟರೆ ಗಿಟಾರು, ಆರ್ಗನ್ ವಾದ್ಯ ಮತ್ತು ಆ ಪದವಿಲ್ಲದ ಕಂಠ ಅದಕ್ಕೆ ಎದುರಾಗಿ ನಿಲ್ಲುತ್ತವೆ, ಆ ಎಳೆದಾಟದಲ್ಲಿಯೇ ಆಲ್ಬಮ್ಮಿನ ಶಕ್ತಿಯಿದೆ. ಎದುರು ದನಿಗಳನ್ನು ತೆಗೆದಾಗ ಹೆದರಿಕೆ ಒಂಟಿಯಾಗುತ್ತದೆ. ಆದರೂ ಇಪ್ಪತ್ತೊಂಬತ್ತರವನು ಊಹಿಸಿ ಬರೆದ ಮುಪ್ಪು ಎಂಬತ್ತರವರ ಬಾಯಲ್ಲಿ ಅನುಭವದ ವರದಿಯಾಗುವುದನ್ನು ಒಮ್ಮೆಯಾದರೂ ಕೇಳಬೇಕು, ಮೂಲವನ್ನು ಪೂರ್ತಿ ಕೇಳಿದ ಮೇಲೆ ಕೇಳಬೇಕು.

ಮೂಲವನ್ನು ಕೇಳುವಾಗ ಆಗ ಕ್ಯಾಸೆಟ್ಟಿನಲ್ಲಿ ಹೂತುಹೋಗಿದ್ದ ಕೆಲವನ್ನು ಹುಡುಕಿ. 'ಟೈಮ್' ಹಾಡಿನ ಆರಂಭದ ಗಡಿಯಾರಗಳನ್ನು ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಯಲ್ಲಿ ಒಂದೊಂದಾಗಿ ಮುದ್ರಿಸಿಕೊಂಡು ಬಂದಿದ್ದರು. ಒಳ್ಳೆಯ ಹೆಡ್‌ಫೋನಿನಲ್ಲಿ ಅವು ಬೇರೆಬೇರೆ ದಿಕ್ಕಿನಿಂದ ಹೊಡೆದುಕೊಳ್ಳುತ್ತವೆ. 'ಮನಿ' ಹಾಡಿನ ನಾಣ್ಯಗಳ ಸದ್ದು ಟೇಪನ್ನು ಕತ್ತರಿಸಿ ಬಳೆಯಂತೆ ಜೋಡಿಸಿ ಸುತ್ತಿಸಿದ್ದು. ಅದು ಏಳು ಮಾತ್ರೆಗಳಲ್ಲಿ ತಿರುಗುತ್ತದೆ. ಹಿಂದೂಸ್ತಾನಿ ರೂಪಕ ತಾಳಕ್ಕೆ ಒಗ್ಗಿದ ನಮ್ಮ ಭಾಗದ ಕಿವಿಗೆ ಆ ಎಣಿಕೆ ತೊಡಕಾಗುವುದಿಲ್ಲ. ಗಿಟಾರಿನ ಏಕಾಂಗಿ ಭಾಗ ಬಂದಾಗ ತಾಳ ನಾಲ್ಕಕ್ಕೆ ಹೊರಳುವುದನ್ನು ಕೈಯಲ್ಲಿ ಹಾಕಿಕೊಂಡೇ ಗುರುತಿಸಬಹುದು. ಇದನ್ನು ಕೇಳುವ ಮುಂಚೆ ಮೊಬೈಲಿನ ಆ್ಯಪ್‌ನಲ್ಲಿ ಒಂದು ಹಾಡನ್ನು ಇನ್ನೊಂದರೊಳಗೆ ಬೆರೆಸುವ ಕ್ರಾಸ್‌ಫೇಡ್ ಸೌಲಭ್ಯವನ್ನೂ ಹಾಡುಗಳನ್ನು ಹಿಂದುಮುಂದು ಮಾಡುವ ಶಫಲ್ ಅನ್ನೂ ನಿಲ್ಲಿಸಿಬಿಡಿ. ಈ ಆಲ್ಬಮ್ಮಿನ ಹಾಡುಗಳು ಒಂದರೊಳಗೊಂದು ಹರಿಯುವಂತೆ ಕಟ್ಟಿರುವುದರಿಂದ ಯಂತ್ರ ಅದರಲ್ಲಿ ಕೈಯಾಡಿಸಬಾರದು.

ಓಝಿಯ ಸಿ.ಡಿ. ವಿಷಯದಲ್ಲಿ ನೀವು ಹೇಳಿದ್ದೇ ಸರಿ, ಗೆಳೆಯರಿಗೆ ಧೈರ್ಯವಾಗಿ ಹೇಳಿ. 1980ರ 'ಬ್ಲಿಝಾರ್ಡ್ ಆಫ್ ಓಝ್' ಆಲ್ಬಮ್ಮಿನಲ್ಲಿ ಬೇಸ್ ನುಡಿಸಿದವರು ಬಾಬ್ ಡೇಯ್ಸ್ಲಿ, ಡ್ರಮ್ ನುಡಿಸಿದವರು ಲೀ ಕರ್ಸ್ಲೇಕ್. ಅವರಿಗೂ ಆಸ್ಬರ್ನ್ ಕಡೆಯವರಿಗೂ ಗೌರವಧನದ ವ್ಯಾಜ್ಯವಿತ್ತು. 2002ರ ಮರುಬಿಡುಗಡೆಯಲ್ಲಿ ಅವರಿಬ್ಬರ ನುಡಿಸಾಣಿಕೆಯನ್ನೇ ಅಳಿಸಿ, ಆ ಜಾಗದಲ್ಲಿ ರಾಬರ್ಟ್ ಟ್ರುಹಿಯೊ ಮತ್ತು ಮೈಕ್ ಬೋರ್ಡಿನ್ ಅವರಿಂದ ಹೊಸದಾಗಿ ನುಡಿಸಿದ್ದನ್ನು ಸೇರಿಸಲಾಯಿತು. 'ಡೈರಿ ಆಫ್ ಎ ಮ್ಯಾಡ್‌ಮನ್'ಗೂ ಹಾಗೆಯೇ ಆಯಿತು. ನೀವು 2003ರಲ್ಲಿ ಕೊಂಡದ್ದು ಆ ಮುದ್ರಣವಿರಬೇಕು. 2011ರ ಮರುಬಿಡುಗಡೆಯಲ್ಲಿ ಮೂಲ ವಾದ್ಯಗಾರರು ಮರಳಿ ಬಂದರು, ಅದನ್ನೇ ಕೇಳಿ. ಇಪ್ಪತ್ತೈದನೆಯ ವಯಸ್ಸಿನಲ್ಲಿ, 1982ರಲ್ಲಿ, ವಿಮಾನ ಅಪಘಾತದಲ್ಲಿ ತೀರಿಕೊಂಡ ರ‍್ಯಾಂಡಿ ರೋಡ್ಸ್ ಅವರ ಗಿಟಾರು ಯಾವ ಡ್ರಮ್ಮಿನ ಮೇಲೆ ಹತ್ತಿ ಇಳಿಯಿತೋ ಅದೇ ಡ್ರಮ್ಮಿನ ಜೊತೆ ಕೇಳಿಸಬೇಕು. ಮೂವರು ಒಂದೇ ಕಾಲದಲ್ಲಿ ಒಬ್ಬರಿಗೊಬ್ಬರು ಕಿವಿಗೊಟ್ಟು ನುಡಿಸಿದ್ದರಲ್ಲಿ ಇಬ್ಬರನ್ನು ತೆಗೆದುಹಾಕುವುದು ಕೇಳುಗರಿಗೂ ವಾದ್ಯಗಾರರಿಗೂ ಮಾಡಿದ ಅನ್ಯಾಯ ಎಂದೇ ನಾನು ತಿಳಿಯುತ್ತೇನೆ.

ಡೈರ್ ಸ್ಟ್ರೇಟ್ಸ್ ಬಗ್ಗೆ ನೀವು ವಿವರ ಬರೆದಿಲ್ಲ. ಆದರೆ 1985ರ 'ಬ್ರದರ್ಸ್ ಇನ್ ಆರ್ಮ್ಸ್' ಅನ್ನು ಅಂಗಡಿಯಲ್ಲಿ ತುಂಬಿಸಿಕೊಂಡಿದ್ದರೆ ಅದೂ ಅರ್ಧಂಬರ್ಧವೇ ಸಿಕ್ಕಿರುವ ಸಂಭವ ಹೆಚ್ಚು. ಸಿ-90 ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷದ್ದು. ಹಣ ಉಳಿಸಲು ಒಂದು ಬದಿಗೆ ಒಂದು ಆಲ್ಬಂ ತುಂಬಿಸುವುದು ಆಗಿನ ರೂಢಿ. ಈ ಆಲ್ಬಂ ಎಲ್‌ಪಿಯಲ್ಲಿ, ಅಂದರೆ ಗ್ರಾಮೋಫೋನ್ ತಟ್ಟೆಯಲ್ಲಿ, 47 ನಿಮಿಷ ದಾಟುತ್ತದೆ, ಸಿ.ಡಿ.ಯಲ್ಲಿ ಸುಮಾರು 55 ನಿಮಿಷವಿದೆ. ಆಲ್ಬಮ್ಮಿನ ಹೆಸರನ್ನೇ ಹೊತ್ತ ಹಾಡು ಕಟ್ಟಕಡೆಯದಾದ್ದರಿಂದ ಟೇಪು ಮುಗಿದಾಗ ತುಂಡಾಗುತ್ತಿದ್ದದ್ದು ಅದೇ. ಎಲ್‌ಪಿಗೂ ಸಿ.ಡಿ.ಗೂ ಈ ಅಂತರ ಏಕೆಂದರೆ, ತಟ್ಟೆಯ ಒಂದು ಬದಿಯಲ್ಲಿ ಹೆಚ್ಚು ನಿಮಿಷ ಹಿಡಿಸಬೇಕಾದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗುತ್ತದೆ, ಆಗ ಧ್ವನಿಯ ಮಟ್ಟವೂ ಮಂದ್ರದ ತುಂಬುತನವೂ ತಗ್ಗುತ್ತವೆ. ಅದಕ್ಕಾಗಿ ಎಲ್‌ಪಿಯಲ್ಲಿ ಹಲವು ಹಾಡುಗಳನ್ನು ಕತ್ತರಿಸಿದರು. 'ವೈ ವರಿ' ಎಂಬ ಹಾಡು ಸಿ.ಡಿ.ಯಲ್ಲಿ ಎಂಟು ನಿಮಿಷ ಮೀರಿದರೆ ಎಲ್‌ಪಿಯಲ್ಲಿ ಐದು ನಿಮಿಷ ಚಿಲ್ಲರೆಗೆ ಮುಗಿಯುತ್ತದೆ. ಮೈಕೆಲ್ ಜಾಕ್ಸನ್ ಅವರ 1982ರ 'ಥ್ರಿಲ್ಲರ್' ತಯಾರಾಗುವಾಗಲೂ ಇದೇ ತೊಡಕು ಎದುರಾಗಿ, ನಿರ್ಮಾಪಕ ಕ್ವಿನ್ಸಿ ಜೋನ್ಸ್ ಹಾಡುಗಳನ್ನು ಕುಗ್ಗಿಸಿ ಮತ್ತೊಮ್ಮೆ ಮಿಶ್ರಣ ಮಾಡಿಸಿದರು.

ಕ್ಯಾಸೆಟ್ಟಿನ ಇನ್ನೊಂದು ಗುಟ್ಟು ವೇಗದಲ್ಲಿದೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಸಾಗಬೇಕೆಂಬುದು ನಿಯಮ. ಅಂಗಡಿಯ ಡೆಕ್ಕು, ನಿಮ್ಮ ಟೂ-ಇನ್-ಒನ್ ಎರಡೂ ಸೇರಿ ವೇಗ ಶೇಕಡಾ 3ರಷ್ಟು ಹೆಚ್ಚಾದರೆ, ಷಡ್ಜದಿಂದ ಕೋಮಲ ರಿಷಭಕ್ಕಿರುವ ಅಂತರದ ಅರ್ಧದಷ್ಟು ಶ್ರುತಿ ಜರುಗುತ್ತದೆ, 45 ನಿಮಿಷದ ಆಲ್ಬಂ ಒಂದು ನಿಮಿಷಕ್ಕೂ ಹೆಚ್ಚು ಬೇಗ ಮುಗಿಯುತ್ತದೆ. ಸಂಗೀತ ಕಲಿಯದವರೂ ತಾವು ಬಹಳ ಕೇಳಿದ ಹಾಡನ್ನು ಮೂಲದ ಶ್ರುತಿಗೆ ಸಮೀಪದಲ್ಲಿಯೇ ನೆನಪಿನಿಂದ ಹಾಡಬಲ್ಲರೆಂದು ಮನೋವಿಜ್ಞಾನಿ ಡ್ಯಾನಿಯಲ್ ಲೆವಿಟಿನ್ 1994ರಲ್ಲಿ ತೋರಿಸಿದರು. ವರ್ಷಗಟ್ಟಲೆ ಅದೇ ಕ್ಯಾಸೆಟ್ಟನ್ನು ಕೇಳಿದ ನಿಮ್ಮ ನೆನಪಿನಲ್ಲಿ ಕೂತಿರುವುದು ಆ ಜರುಗಿದ ಶ್ರುತಿ. ಸರಿಯಾದ ವೇಗದ ಹಾಡು ಈಗ ಜಡವಾಗಿಯೋ ಮಂಕಾಗಿಯೋ ತೋರಿದರೆ ಅದು ಸಹಜ. ಇಂಥದ್ದು ದೊಡ್ಡ ಸಂಸ್ಥೆಗಳಲ್ಲೂ ನಡೆದಿದೆ: ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿನ ಮೊದಲ ಬದಿ, ಮುದ್ರಿಸಿದ ಯಂತ್ರ ನಿಧಾನವಾಗಿ ಓಡಿದ್ದರಿಂದ, 1990ರ ದಶಕದವರೆಗೂ ಸ್ವಲ್ಪ ಏರಿದ ಶ್ರುತಿಯಲ್ಲಿಯೇ ಮಾರಾಟವಾಗುತ್ತಿತ್ತು. ಸರಿಯಾದ ವೇಗಕ್ಕೆ ಕಿವಿ ಒಗ್ಗಲು ಕೆಲವು ಸಲ ಕೇಳುವುದು ಸಾಕು.

ಮೆಟಾಲಿಕಾದ ತಲೆನೋವಿಗೂ ಕಾರಣವಿದೆ. ಸಿ.ಡಿ.ಯಲ್ಲಿ ಅತಿ ಮೆಲ್ಲಗಿನ ಮತ್ತು ಅತಿ ಗಟ್ಟಿಯಾದ ಧ್ವನಿಗಳ ನಡುವೆ ಸುಮಾರು 96 ಡೆಸಿಬಲ್ ಅಂತರ ಇಡಲು ಜಾಗವಿದೆ. ಆದರೆ 1990ರ ದಶಕದ ನಡುವಿನಿಂದ, ಪಕ್ಕದ ಆಲ್ಬಮ್ಮಿಗಿಂತ ನಮ್ಮದು ಗಟ್ಟಿಯಾಗಿ ಕೇಳಿಸಲಿ ಎಂಬ ಪೈಪೋಟಿಯಲ್ಲಿ, ಮೆಲ್ಲಗಿನದನ್ನೆಲ್ಲ ಮೇಲಕ್ಕೆತ್ತಿ ಗಟ್ಟಿಯಾದದ್ದರ ತಲೆ ಸವರುವ ಪದ್ಧತಿ ಬೆಳೆಯಿತು. ನೀವು ಹೇಳಿದ 2008ರ ಆಲ್ಬಂ, 'ಡೆತ್ ಮ್ಯಾಗ್ನೆಟಿಕ್', ಅದರ ಕುಖ್ಯಾತ ಉದಾಹರಣೆ. ಅದೇ ಹಾಡುಗಳು ಒಂದು ವಿಡಿಯೊ ಗೇಮಿನಲ್ಲಿ ಇಷ್ಟು ಒತ್ತಡವಿಲ್ಲದೆ ಬಂದಿದ್ದರಿಂದ ಅಭಿಮಾನಿಗಳು ಎರಡನ್ನೂ ಹೋಲಿಸಿ ನೋಡಿ ಆಲ್ಬಮ್ಮಿನ ಬಗ್ಗೆ ಬಹಿರಂಗವಾಗಿ ದೂರಿದರು. ನಿಮ್ಮ ಕಿವಿ ದಣಿದದ್ದು ಉಸಿರಾಡಲು ಎಡೆಯಿಲ್ಲದ್ದಕ್ಕೆ. ವಾಲ್ಯೂಮ್ ತಗ್ಗಿಸಿದರೂ ಆ ಎಡೆ ಮರಳುವುದಿಲ್ಲ. ಹಳೆಯ ಆಲ್ಬಮ್ಮುಗಳ ಕೆಲವು ರೀಮಾಸ್ಟರುಗಳೂ ಇದೇ ರೋಗಕ್ಕೆ ತುತ್ತಾಗಿವೆ. ಆದ್ದರಿಂದ ಒಂದೇ ಆಲ್ಬಮ್ಮಿನ ಹಲವು ಮುದ್ರಣಗಳಿದ್ದರೆ ಒಂದು ಮೆಲ್ಲಗಿನ ಹಾಡನ್ನು ಎಲ್ಲದರಲ್ಲಿಯೂ ಕೇಳಿ, ಮೆಲ್ಲಗಿರುವುದು ಮೆಲ್ಲಗೇ ಉಳಿದಿರುವ ಮುದ್ರಣವನ್ನು ಆರಿಸಿಕೊಳ್ಳಿ.

ಈಗ ಅಬ್ಬಾ. ಇಲ್ಲಿ ಧ್ವನಿಮುದ್ರಣ ಬದಲಾಗಿಲ್ಲ, ನೀವು ಬದಲಾಗಿದ್ದೀರಿ. 1981ರ 'ದ ವಿಸಿಟರ್ಸ್' ರೂಪುಗೊಳ್ಳುವ ಹೊತ್ತಿಗೆ ಆ ಬಳಗದ ಎರಡೂ ದಂಪತಿಗಳ ಬಾಳು ಬೇರೆಯಾಗಿತ್ತು. ಸಂಸಾರ ಮುರಿದದ್ದನ್ನು ದೂರಿಲ್ಲದೆ ಒಪ್ಪಿಕೊಳ್ಳುವ ಹಾಡೊಂದು ಅದರಲ್ಲಿದೆ; ಶಾಲೆಗೆ ಹೊರಟ ಮಗಳನ್ನು ನೋಡುತ್ತ, ಇವಳು ಬೆಳೆಯುವುದನ್ನು ನಾನು ಸರಿಯಾಗಿ ನೋಡಲೇ ಇಲ್ಲವಲ್ಲ ಎಂದು ಹಳಹಳಿಸುವ ತಾಯಿಯ ಹಾಡೂ ಇದೆ. ಬ್ಯೋರ್ನ್ ಉಲ್ವಾಯಸ್ ತಮ್ಮ ಮಗಳನ್ನು ನೋಡಿಯೇ ಅದನ್ನು ಬರೆದರು, ಹಾಡಿದವರು ಆ ಮಗುವಿನ ತಾಯಿ ಅಗ್ನೇತಾ. ಹಾಸ್ಟೆಲಿನ ಹುಡುಗನಿಗೆ ಅದರೊಳಗೆ ಪ್ರವೇಶವಿರಲಿಲ್ಲ. ಪುಣೆಯ ಗಾಡಿಗೆ ಮಗಳನ್ನು ಹತ್ತಿಸಿ ಬಂದ ತಂದೆಗೆ ಬಾಗಿಲು ತಾನಾಗಿ ತೆರೆದುಕೊಂಡಿತು. ನೀವು ಆಗ ಮೂಗು ಮುರಿದದ್ದು ಅವರ ಮಿರುಗುವ ಬಟ್ಟೆಗೂ ಕುಣಿತದ ಹಾಡುಗಳಿಗೂ ಆಗಿರಬಹುದು. ಆ ಹೊಳಪಿನ ಹಿಂದೆ ಎರಡು ಹೆಣ್ಣು ಕಂಠಗಳನ್ನು ಪದರ ಪದರವಾಗಿ ಹೊಂದಿಸಿದ ಕಸುಬು ಎಂಥದೆಂಬುದನ್ನು ಈಗ ಬಿಡುವಾಗಿ ಗಮನಿಸಿ. 1982ರ ಆಗಸ್ಟಿನಲ್ಲಿ ಜರ್ಮನಿಯ ಹ್ಯಾನೋವರ್ ಸಮೀಪದ ಕಾರ್ಖಾನೆಯಲ್ಲಿ ಮಾರಾಟಕ್ಕೆಂದು ಮೊದಮೊದಲು ಅಚ್ಚಾದ ಸಿ.ಡಿ.ಗಳಲ್ಲಿ ಈ ಆಲ್ಬಮ್ಮಿನವೂ ಇದ್ದವು. ಇದಾದ ನಲವತ್ತು ವರ್ಷಕ್ಕೆ, 2021ರಲ್ಲಿ, ನಾಲ್ವರೂ ಎಪ್ಪತ್ತು ದಾಟಿದ ಮೇಲೆ 'ವಾಯೇಜ್' ಹೊರತಂದರು. ಅದನ್ನೂ 'ವಿಸಿಟರ್ಸ್' ಬೆನ್ನಿಗೆ ಕೇಳಿ.

ನಮ್ಮ ಭಾಗದವರಿಗೆ ಈ ಮರುಭೇಟಿ ಹೊಸತೇನಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಭಜನೆಯಲ್ಲಿ ಕೂತವರು ಬಾಲ್ಯದಿಂದ ಮುಪ್ಪಿನವರೆಗೆ ಮತ್ತೆ ಮತ್ತೆ ಹಾಡುತ್ತಾರೆ. ಹುಡುಗನಾಗಿದ್ದಾಗ ತಾಳಕ್ಕೆ ದನಿಗೂಡಿಸಿದವನಿಗೆ ಸಂಸಾರ ಕಂಡ ಮೇಲೆ ಅದೇ ಸಾಲು ಬೇರೆ ಮಾತಾಡುತ್ತದೆ. ಪದ ಹಳೆಯದಾಯಿತೆಂದು ಯಾರೂ ಬಿಡುವುದಿಲ್ಲ. ಆಲ್ಬಂ ಕೇಳುವುದಕ್ಕೂ ಅದೇ ಶಿಸ್ತು ಸಲ್ಲುತ್ತದೆ: ಮೊದಲಿನಿಂದ ಕೊನೆಯವರೆಗೆ, ಮಾಡಿದವರು ಇಟ್ಟ ಕ್ರಮದಲ್ಲಿ, ಬೇರೆ ಕೆಲಸ ಬದಿಗಿಟ್ಟು ಕೇಳಬೇಕು. ಡೀಲಕ್ಸ್ ಮುದ್ರಣಗಳಲ್ಲಿ ಕೊನೆಗೆ ಅಂಟಿಸುವ ಹೆಚ್ಚುವರಿ ಹಾಡುಗಳನ್ನು ಮೊದಲ ಸಲಕ್ಕೆ ಬಿಟ್ಟುಬಿಡಿ. ಆಲ್ಬಂ ಎಲ್ಲಿ ನಿಲ್ಲಬೇಕೆಂದು ಅದರ ಕರ್ತೃಗಳು ಯೋಚಿಸಿಯೇ ನಿಲ್ಲಿಸಿರುತ್ತಾರೆ.

ಕೇಳುವ ಜಾಗದ ಬಗ್ಗೆ ಒಂದೆರಡು ಮಾತು. ಕಲಬುರಗಿಯ ಬೇಸಿಗೆಯಲ್ಲಿ ಪಂಖವಿಲ್ಲದೆ ಕೂರಲಾಗದು, ಪಂಖದ ಸದ್ದು ಮೆಲ್ಲಗಿನ ಭಾಗಗಳನ್ನೆಲ್ಲ ನುಂಗುತ್ತದೆ. ಆ ತಿಂಗಳುಗಳಲ್ಲಿ ಬೆಳಗಿನ ಜಾವವೇ ಒಳ್ಳೆಯದು, ಇಲ್ಲವೇ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಬಳಸಿ. ಸ್ಪೀಕರಿನಲ್ಲಿ ಕೇಳುವುದಾದರೆ ಶಹಾಬಾದ್ ಕಲ್ಲಿನ ಬರಿನೆಲ ಧ್ವನಿಯನ್ನು ಚುರುಕಾಗಿ ಮೇಲಕ್ಕೆಸೆದು ತಾಳವಾದ್ಯಗಳನ್ನು ಕರ್ಕಶಗೊಳಿಸುತ್ತದೆ; ಸ್ಪೀಕರುಗಳಿಗೂ ನಿಮಗೂ ನಡುವೆ ಜಮಖಾನೆ ಹಾಸಿದರೆ, ಎದುರು ಗೋಡೆಗೆ ದಪ್ಪನೆಯ ಕೌದಿ ತೂಗುಹಾಕಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ದುಬಾರಿ ಸಾಮಗ್ರಿ ಕೊಳ್ಳುವ ಮುಂಚೆ ಇದನ್ನು ಮಾಡಿ.

ಟ್ರಂಕನ್ನು ಇವತ್ತೇ ಅಟ್ಟದಿಂದ ಇಳಿಸಿ. ಹೊರಗೆ ನಲವತ್ತು ಡಿಗ್ರಿ ದಾಟಿದಾಗ ತಾರಸಿಯ ಕೆಳಗಿನ ಅಟ್ಟ ಇನ್ನೂ ಕಾಯುತ್ತದೆ. ಟೇಪು ಸೊಟ್ಟಗಾಗುತ್ತದೆ, ಒಳಗೆ ಟೇಪನ್ನು ಯಂತ್ರದ ಧ್ವನಿ ಓದುವ ಹೆಡ್ಡಿಗೆ ಒತ್ತುವ ಪುಟ್ಟ ಮೆತ್ತೆಯ ಅಂಟು ಒಣಗಿ ಉದುರುತ್ತದೆ. ಅಂಗಡಿಯಲ್ಲಿ ತುಂಬಿಸಿದ ಆಲ್ಬಮ್ಮುಗಳನ್ನು ಕಂಪ್ಯೂಟರಿಗೆ ಇಳಿಸುವ ಶ್ರಮ ಬೇಡ, ಅವು ಬೇರೆಡೆ ಇದಕ್ಕಿಂತ ಚೆನ್ನಾಗಿ ಉಳಿದಿವೆ. ನಿಮ್ಮ ಕೈಬರಹದ ಹಾಡುಪಟ್ಟಿ ಇರುವ ಹೊದಿಕೆಗಳ ಚಿತ್ರ ತೆಗೆದಿಟ್ಟುಕೊಂಡರೆ ಸಾಕು. ಅವ್ವನ ದನಿ ಇರುವ ಕ್ಯಾಸೆಟ್ಟುಗಳಿಗೆ ಜಗತ್ತಿನಲ್ಲಿ ಇನ್ನೊಂದು ಪ್ರತಿಯಿಲ್ಲವಾದ್ದರಿಂದ ಸಮಯ, ಹಣ ಎಲ್ಲವನ್ನೂ ಅವಕ್ಕೆ ಇಡಿ. ಮೊದಲು ಮನೆಯ ಯಾವ ಹಳೆಯ ಯಂತ್ರಕ್ಕೂ ಅವನ್ನು ಹಾಕಬೇಡಿ. ಸುಸ್ಥಿತಿಯಲ್ಲಿರುವ ಡೆಕ್ ದೊರಕಿಸಿ, ಹೆಡ್ಡನ್ನೂ ರಬ್ಬರ್ ಉರುಳೆಯನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಬೇಡದ ಕ್ಯಾಸೆಟ್ ಹಾಕಿ ಪರೀಕ್ಷಿಸಿ. ಮೆತ್ತೆ ಉದುರಿದ್ದರೆ ಟೇಪಿನ ಸುರುಳಿಗಳನ್ನು ತಿರುಪು ಹಾಕಿ ಬಿಗಿಯುವ ಒಳ್ಳೆಯ ಖಾಲಿ ಕವಚಕ್ಕೆ ವರ್ಗಾಯಿಸಬೇಕು. ಆಮೇಲೆ ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿಸಿ, ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಅವ್ವನ ದನಿಯ ಸಕಾರ, ಚಕಾರಗಳು ಅತ್ಯಂತ ಸ್ಪಷ್ಟವಾಗುವವರೆಗೆ ಕೂದಲೆಳೆಯಷ್ಟು ತಿರುಗಿಸಿ, ಸುಯ್ಯೆನ್ನುವ ಸದ್ದು ತಗ್ಗಿಸುವ ಡಾಲ್ಬಿ ಗುಂಡಿಯನ್ನು ಬಂದ್ ಮಾಡಿ, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ 24 ಬಿಟ್‌ನ ವೇವ್ ಕಡತವಾಗಿ ಮುದ್ರಿಸಿ. ಹಿನ್ನೆಲೆಯ ಸುಯ್ಯೆನ್ನುವ ಸದ್ದನ್ನು ತೆಗೆಯುವ ಆಸೆಗೆ ಮೂಲ ಕಡತದ ಮೇಲೆ ಕೈಹಾಕಬೇಡಿ. ಪ್ರತಿ ಮಾಡಿಕೊಂಡು ಅದರಲ್ಲಿ ಪ್ರಯೋಗಿಸಿ. ಮೂಲ ಕಡತದ ಎರಡು ಪ್ರತಿಗಳು ಎರಡು ಬೇರೆ ಮನೆಗಳಲ್ಲಿರಲಿ, ಒಂದು ಮಗಳ ಹತ್ತಿರ ಪುಣೆಯಲ್ಲಿ.

ಹೊಸದಕ್ಕೆ ಹೋಗುವ ದಾರಿ ಜನಪ್ರಿಯ ಪಟ್ಟಿಗಳಲ್ಲಿಲ್ಲ, ನೀವು ಈಗಾಗಲೇ ಪ್ರೀತಿಸುವ ಆಲ್ಬಮ್ಮುಗಳ ಹಿಂದಿನ ಹೆಸರುಗಳಲ್ಲಿದೆ. ನಿಮ್ಮ 'ಥ್ರಿಲ್ಲರ್'ನಿಂದ ಅದೇ ಜೋನ್ಸ್ ನಿರ್ಮಿಸಿದ, ಜಾಕ್ಸನ್ ಅವರ 1979ರ 'ಆಫ್ ದ ವಾಲ್'ಗೆ ಹೋಗಿ; ಅಲ್ಲಿ ಡ್ರಮ್ ನುಡಿಸಿದ ಜಾನ್ ರಾಬಿನ್ಸನ್ ಅವರನ್ನು ಹಿಂಬಾಲಿಸಿದರೆ 2013ರಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಡಾಫ್ಟ್ ಪಂಕ್ ಜೋಡಿ ಮನುಷ್ಯರ ಕೈಯಿಂದಲೇ ನುಡಿಸಿ ಮುದ್ರಿಸಿದ 'ರ‍್ಯಾಂಡಮ್ ಆ್ಯಕ್ಸೆಸ್ ಮೆಮೊರೀಸ್' ಸಿಗುತ್ತದೆ. ನಿಮ್ಮ ಊರಿನಿಂದಲೇ ಹೊರಡುವ ಇನ್ನೊಂದು ದಾರಿಯಿದೆ, ನನಗೆ ಅದೇ ಹೆಚ್ಚು ಪ್ರಿಯ. ಬಂದೇ ನವಾಜರ ದರ್ಗಾದ ಉರುಸಿನಲ್ಲಿ ಕವ್ವಾಲಿ ಕೇಳಿದ ಕಿವಿಗೆ ಪೀಟರ್ ಗೇಬ್ರಿಯಲ್ ಅವರ ರಿಯಲ್ ವರ್ಲ್ಡ್ ಸಂಸ್ಥೆಯಿಂದ 1990ರಲ್ಲಿ ಬಂದ ನುಸ್ರತ್ ಫತೇ ಅಲಿ ಖಾನರ 'ಮಸ್ತ್ ಮಸ್ತ್' ಆಲ್ಬಂ ಪರಕೀಯವಾಗದು. ಮೈಕಲ್ ಬ್ರೂಕ್ ಅವರ ಗಿಟಾರು ಅಲ್ಲಿ ಹಾರ್ಮೋನಿಯಮ್ಮಿಗೆ ಅಡ್ಡಬರದಂತೆ ಸುಳಿಯುತ್ತದೆ. ಆ ಆಲ್ಬಮ್ಮಿನ ಶೀರ್ಷಿಕೆಯ ಹಾಡನ್ನು ಬ್ರಿಸ್ಟಲಿನ ಮ್ಯಾಸಿವ್ ಅಟ್ಯಾಕ್ ಬಳಗ ಹೊಸದಾಗಿ ಹೊಂದಿಸಿಕೊಟ್ಟಿತು. ಅಲ್ಲಿಂದ ಆ ಬಳಗದ ಸ್ವಂತ ಆಲ್ಬಂ, 1998ರ 'ಮೆಝನೈನ್'ಗೆ ಒಂದೇ ಹೆಜ್ಜೆ. ಪಿಂಕ್ ಫ್ಲಾಯ್ಡಿನ ಕತ್ತಲೆ ಹಿಡಿಸಿದವರಿಗೆ ಅದು ಹಿಡಿಸದೆ ಇರಲಾರದು. ನಮ್ಮ ನೆಲದ ಕಡೆಯಿಂದ ಇಂಡಿಯನ್ ಓಶನ್ ಬಳಗದ 2000ದ 'ಕಂದೀಸಾ' ಇದೆ, ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಜೊತೆ ತಂದ ರಘು ದೀಕ್ಷಿತ್ ಅವರ 2008ರ ಆಲ್ಬಂ ಇದೆ. ಮೂರು ಸಲ ಪೂರ್ತಿ ಕೇಳುವವರೆಗೆ ಯಾವುದನ್ನೂ ಬೇಡವೆನ್ನಬೇಡಿ. ಹರೆಯದಲ್ಲಿ ಇದ್ದ ಒಂದೇ ಕ್ಯಾಸೆಟ್ಟನ್ನು ಎಷ್ಟು ಸಲ ತಿರುಗಿಸಿ ಹಾಕುತ್ತಿದ್ದಿರೋ, ಹೊಸ ಆಲ್ಬಮ್ಮಿಗೆ ಅದರ ಒಂದಂಶದಷ್ಟು ತಾಳ್ಮೆಯನ್ನಾದರೂ ಕೊಡಿ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು, 'ಮೆಝನೈನ್'ನಿಂದ ಮುಂದಿನ ಹೆಸರುಗಳನ್ನು ಅವನೇ ಹೇಳಬಹುದು.